ಚಲುವಯ್ಯನ ಆಂಟೆನಾ ಮೇಲೆ ಕಾಗೆ ಕೂತದ್ದು

ನಮ್ಮೂರಿನಲ್ಲಿ ಆಂಟೆನಾದ ಮೇಲೆ ಕಾಗೆ ಬಂದು ಕೂತರೆ ಮಾತ್ರ ಟಿ.ವಿ. ಬರುತ್ತದೆ. ಕಾಗೆ ಹಾರಿತೋ, ಪರದೆಯ ತುಂಬ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬರೀ ಬಿಳಿ ಚುಕ್ಕೆ. ಬೇರೆ ಊರುಗಳಲ್ಲಿ ಹೀಗಿಲ್ಲ ಅಂತ ಹೊರಗಿನಿಂದ ಬಂದವರು ಹೇಳುತ್ತಾರೆ. ಇರಬಹುದು, ಅವರ ಊರಿನ ಕಾಗೆಗಳು ಏನು ಮಾಡುತ್ತವೋ ನಮಗೇನು ಗೊತ್ತು. ನಾವಂತೂ ಹೊಂದಿಕೊಂಡುಬಿಟ್ಟಿದ್ದೇವೆ. ಟಿ.ವಿ. ನೋಡುವ ಹೊತ್ತಿನಲ್ಲಿ ಯಾರೂ ಪಾತ್ರೆ ಕುಕ್ಕುವುದಿಲ್ಲ, ಮಕ್ಕಳು ಕವಣೆ ಮುಟ್ಟುವುದಿಲ್ಲ, ಬೆಕ್ಕು ಸಾಕಿದವರಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಜಾಹೀರಾತು ಶುರುವಾದ ಕೂಡಲೇ ಮನೆಗೊಬ್ಬರು ಮೆಲ್ಲಗೆ ಎದ್ದು ಮಾಳಿಗೆಗೆ ಹೋಗಿ ಒಂದು ಚೂರು ದೋಸೆಯನ್ನೋ ಹಿಡಿ ಅನ್ನವನ್ನೋ ಇಟ್ಟು ಬರುತ್ತಾರೆ. ಸಂಜೆ ಕಾಗೆಗಳು ಕೆರೆ ಏರಿಯ ಮರಗಳಿಗೆ ಮಲಗಲು ಹೋದವೆಂದರೆ ಊರಿನ ಟಿ.ವಿ.ಗಳೂ ಮಲಗಿದವು ಅಂತಲೇ ಲೆಕ್ಕ. ರಾತ್ರಿ ಬರುವ ಧಾರಾವಾಹಿಗಳಲ್ಲಿ ಯಾರ ಮದುವೆ ಯಾರ ಜೊತೆ ಆಯಿತೋ ಇವತ್ತಿಗೂ ನಮಗೆ ಗೊತ್ತಿಲ್ಲ. ಅದರಿಂದ ಯಾರೂ ಸೊರಗಿಲ್ಲ.

ಹಾಗಂತ ಯಾವುದೋ ಬೀದಿ ಕಾಗೆ ಬಂದು ಕೂತರೆ ಆಗುವುದಿಲ್ಲ. ಆಯಾ ಮನೆಯ ಹಿರಿಯರ ಕಾಗೆಯೇ ಬರಬೇಕು. ಬಂದ ಕಾಗೆ ತನಗೆ ಇಷ್ಟವಾದದ್ದನ್ನೇ ತೋರಿಸುತ್ತದೆ, ನಮಗೆ ಇಷ್ಟವಾದದ್ದನ್ನಲ್ಲ. ನಾನು ಚಲುವಯ್ಯನ ಪಕ್ಕದ ಮನೆಯ ಟೈಲರ್. ನಮ್ಮ ಮನೆಗೆ ಬರುವುದು ನಮ್ಮ ತಾತನ ಕಾಗೆ, ಅದು ಕೂತರೆ ಬರೀ ಕೃಷಿ ಕಾರ್ಯಕ್ರಮ. ಬದುಕಿದ್ದಾಗ ಒಂದು ದಿನ ನೇಗಿಲು ಮುಟ್ಟದೆ ಜಗಲಿಯಲ್ಲಿ ಎಲೆಯಡಿಕೆ ಮೆದ್ದುಕೊಂಡು ಕಾಲ ಕಳೆದ ಮನುಷ್ಯ, ಸತ್ತ ಮೇಲೆ ಕಬ್ಬಿನ ಸೂಲಂಗಿ ನೋಡುವ ಚಪಲ ಯಾಕೆ ಬಂತೋ. ಮೂಲೆಮನೆ ಪುಟ್ಟಸಿದ್ದಮ್ಮನ ಕಾಗೆ ಭಜನೆ ಬಿಟ್ಟು ಬೇರೇನೂ ತೋರಿಸುವುದಿಲ್ಲ. ಛತ್ರದ ಹಿಂದಿನ ಮನೆಯವರ ಕಾಗೆಗೆ ಕುಸ್ತಿ. ಅವರ ಮನೆಯ ಹೆಣ್ಣುಮಕ್ಕಳೆಲ್ಲ ಈಗ ಪಟ್ಟುಗಳ ಹೆಸರು ಹೇಳುತ್ತಾರೆ.

ಈ ಊರಿನಲ್ಲಿ ಆಂಟೆನಾ ಮಾರುವವನು ಚಲುವಯ್ಯ. ಸೈಕಲ್ಲಿನ ಹಿಂದೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾಗಳನ್ನು ಕಟ್ಟಿಕೊಂಡು, ಹೆಗಲ ಮೇಲೆ ಬಿದಿರಿನ ಏಣಿ ಹೊತ್ತು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹೊರಟನೆಂದರೆ ಎದುರು ಬಂದವರು ತಾವಾಗಿ ಚರಂಡಿ ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ಸಲ ಹಾಕಿಸಿಕೊಂಡರೆ ಸಾಕು, ಆಮೇಲೆ ಆಕಾಶದಿಂದ ಪುಕ್ಕಟೆ, ತಿಂಗಳಿಗೊಮ್ಮೆ ಯಾರೂ ಬಾಗಿಲು ತಟ್ಟುವುದಿಲ್ಲ ಅನ್ನುವುದು ಅವನ ವ್ಯಾಪಾರದ ಮಾತು. ಕೊಳ್ಳಲು ಬಂದವರನ್ನು ಅವನು ಮೊದಲು ಕೇಳುತ್ತಿದ್ದದ್ದು ಟಿ.ವಿ. ಯಾವುದು ಅಂತಲ್ಲ, ತೀರಿಕೊಂಡವರು ತೆಳ್ಳಗಿದ್ದರೋ ದಪ್ಪಗಿದ್ದರೋ ಅಂತ. ದಪ್ಪಗಿದ್ದವರಾದರೆ ಕಾಲಿಗೆ ಹಿಡಿತ ಸಿಗಲಿ ಅಂತ ಕಡ್ಡಿಗೆ ತೆಂಗಿನ ನಾರು ಸುತ್ತಿ ಕೊಡುತ್ತಿದ್ದ.

ಆಂಟೆನಾ ನಿಲ್ಲಿಸುವುದು ಅವನ ಕೆಲಸದಲ್ಲಿ ಅರ್ಧ. ಉಳಿದ ಅರ್ಧ, ಕಾಗೆಯನ್ನು ಒಪ್ಪಿಸುವುದು. ತಿಥಿಯ ದಿನ ಎಡೆ ಇಟ್ಟಾಗ ಕಾಗೆ ಮುಟ್ಟದಿದ್ದರೆ ಮನೆಯವರೆಲ್ಲ ಕೈಮುಗಿದು ನಿಂತು, ಹೋದವರ ಮನಸ್ಸಿನಲ್ಲಿ ಏನು ಉಳಿದಿತ್ತೋ ಅದನ್ನು ಮಾಡಿಕೊಡುತ್ತೇವೆ ಅಂತ ಮಾತು ಕೊಡುವುದುಂಟಲ್ಲ, ನಮ್ಮೂರಿನಲ್ಲಿ ಅದು ಟಿ.ವಿ.ಗೂ ಆಗಬೇಕು. ಚಲುವಯ್ಯ ಆ ಮನೆಯ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕಾಫಿ ಕುಡಿಯುತ್ತ, ವೈದ್ಯರು ರೋಗಿಯನ್ನು ಕೇಳುವ ಹಾಗೆ ಕೇಳುತ್ತಿದ್ದ. ಕೊನೆಗಾಲದಲ್ಲಿ ಬಾಯಿಗೆ ಏನು ಬೇಕು ಅಂದಿದ್ದರು? ಯಾರ ಹೆಸರು ಹಿಡಿದು ಕರೆದರು? ಹಿತ್ತಲಿನ ಹಲಸಿನ ಮರ ಮಗಳಿಗೆ ಕೊಡಬೇಕು ಅಂದಿದ್ದರೇ? ಹೀಗೆ ಕೆದಕಿ ಕೆದಕಿ, ಮುಚ್ಚಿಟ್ಟದ್ದನ್ನೆಲ್ಲ ಹೊರಗೆ ತೆಗೆಸಿ, ಮನೆಯವರ ಬಾಯಲ್ಲಿ ಮಾತು ಕೊಡಿಸಿದ ಮೇಲೆ ಕಾಗೆ ಬಂದೇ ಬರುತ್ತಿತ್ತು. ಟಿ.ವಿ.ಯ ಆಸೆಗೆ ನಮ್ಮೂರಲ್ಲಿ ಎಷ್ಟು ಅಣ್ಣತಮ್ಮಂದಿರು ಮಾತಾಡುವಂತಾದರು, ಎಷ್ಟು ಅಕ್ಕತಂಗಿಯರಿಗೆ ತವರಿನ ಬಾಗಿಲು ತೆರೆಯಿತು ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ. ನ್ಯಾಯ ಹೇಳುವ ಹಿರಿಯರೆಲ್ಲ ಕೆಲಸವಿಲ್ಲದೆ ಕುಸ್ತಿ ನೋಡಲು ಛತ್ರದ ಹಿಂದಕ್ಕೆ ಹೋಗುತ್ತಿದ್ದರು.

ಇಷ್ಟೆಲ್ಲ ಮಾಡಿದ ಚಲುವಯ್ಯನ ಸ್ವಂತ ಮನೆಯ ಮೇಲೆ ಮಾತ್ರ ಕಾಗೆ ಕೂರಲಿಲ್ಲ. ಊರಿಗೇ ಎತ್ತರದ ಆಂಟೆನಾ ಅವನದು. ಪೈಪಿನ ಮೇಲೆ ಪೈಪು ಸೇರಿಸಿ, ನಾಲ್ಕು ಕಡೆ ತಂತಿ ಬಿಗಿದು, ನಾರು ಸುತ್ತಿ, ಅರಿಶಿನ ಕುಂಕುಮ ಹಚ್ಚಿ ನಿಲ್ಲಿಸಿದ್ದ. ಅವನ ತಾಯಿ ಹೊಂಬಾಳಮ್ಮ ತೀರಿಕೊಂಡು ಎರಡು ಯುಗಾದಿ ಕಳೆದಿದ್ದವು. ಊರಿಗೆಲ್ಲ ಕಾಗೆ ಕೂರಿಸಿದವನ ಮನೆಗೆ ಗುಬ್ಬಿಯೂ ಇಲ್ಲವಲ್ಲಪ್ಪ ಅಂತ ಜನ ಆಡಿಕೊಂಡರೆ, ಅವನೂ ಜೊತೆಗೆ ನಗುತ್ತಿದ್ದ. ಆದರೆ ನನ್ನ ಹೊಲಿಗೆ ಮಿಷನ್ನು ಅವನ ಅಂಗಳದ ಕಡೆಯ ಕಿಟಕಿಗೇ ಇರುವುದರಿಂದ, ಅವನು ಒಬ್ಬನೇ ನಿಂತು ಆ ಖಾಲಿ ಆಂಟೆನಾ ನೋಡುವಾಗಿನ ಮುಖ ನನಗೆ ಕಾಣುತ್ತಿತ್ತು. ಅವ್ವನಿಗೆ ನನ್ನ ಮೇಲೆ ಏನೋ ಸಿಟ್ಟಿದೆ ಅಂತ ಒಂದು ದಿನ ನನ್ನ ಹತ್ತಿರ ಹೇಳಿಯೂ ಹೇಳಿದ.

ಹೊಂಬಾಳಮ್ಮ ಹೇಗಿದ್ದಳು ಅಂತ ಹೇಳಬೇಕು. ಗಟ್ಟಿ ಹೆಂಗಸು, ಇನ್ನೂ ಗಟ್ಟಿ ಬಾಯಿ. ಮಗ ಈ ವ್ಯಾಪಾರಕ್ಕೆ ಇಳಿದ ಮೊದಲ ದಿನದಿಂದ ಅವನ ಜೊತೆ ಮನೆಮನೆಗೂ ಹೋಗುತ್ತಿದ್ದಳು. ಅವನು ಹತ್ತುವ ಮೊದಲು, “ಹಿಡ್ಕಂಡಿದ್ದೀಯೇನವ್ವ?” ಅಂತ ಕೇಳಬೇಕು. ಇವಳು ಎರಡೂ ಕೈಯಲ್ಲಿ ಏಣಿ ಅವುಚಿಕೊಂಡು, “ಹಿಡ್ಕಂಡಿವ್ನಿ ಕಣ್ಲಾ, ಹತ್ತು,” ಅನ್ನಬೇಕು. ಆಮೇಲೆಯೇ ಅವನ ಕಾಲು ಮೇಲೇಳುತ್ತಿದ್ದದ್ದು. ಅವನು ಮೇಲಿಂದ “ಬಂತಾ?” ಅನ್ನುವುದು, ಒಳಗೆ ಕೂತವರು “ಬಂತು, ಬಂತು, ಹೋಯ್ತು” ಅನ್ನುವುದು, ಅದನ್ನು ಇವಳು ತನ್ನ ಗಟ್ಟಿ ಗಂಟಲಲ್ಲಿ ಮೇಲಕ್ಕೆ ಮುಟ್ಟಿಸುವುದು. ಇನ್ನು ಮೊಮ್ಮಗಳು ಭವ್ಯ ಅಂದರೆ ಅವಳಿಗೆ ಪ್ರಾಣ. ಸಾಯಂಕಾಲ ಶಾಲೆಯ ಮೈದಾನದ ಕಟ್ಟೆಯ ಮೇಲೆ ಕೂತು, ಹುಡುಗಿಯರ ಖೋ ಖೋ ನೋಡುತ್ತ, ಮೇಷ್ಟ್ರಿಗಿಂತ ಜೋರಾಗಿ ಕೂಗುತ್ತಿದ್ದಳು. ಅವಳು ಹೋದ ಮೇಲೆ ಚಲುವಯ್ಯ ಏಣಿಯ ಬುಡಕ್ಕೆ ಒಂದು ದಪ್ಪ ಕಲ್ಲು ಕೊಟ್ಟುಕೊಂಡು ಹತ್ತುವುದನ್ನು ರೂಢಿ ಮಾಡಿಕೊಂಡ. ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಭವ್ಯ ರಾಜ್ಯ ಮಟ್ಟದ ಖೋ ಖೋ ತಂಡಕ್ಕೆ ಆಯ್ಕೆಯಾದಳು. ಫೈನಲ್ ಆಟ ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ನೇರವಾಗಿ ಬರುತ್ತದೆ ಅಂತ ಮೇಷ್ಟ್ರು ಬಂದು ಹೇಳಿದರು. ಬಸ್ಸು ಹತ್ತುವಾಗ ಹುಡುಗಿ ಅಪ್ಪನನ್ನು ಕೇಳಿದ್ದು ಒಂದೇ ಮಾತು, “ಅಪ್ಪ, ನೀನು ನೋಡ್ತೀಯ ತಾನೆ? ಆಟ ಮುಗಿದ ಮೇಲೆ ಕ್ಯಾಮೆರಾ ಕಡೆ ತಿರುಗಿ ಕಿವಿ ಹಿಡ್ಕೋತೀನಿ. ಅದು ನಿಂಗೆ.” ಅಜ್ಜಿ ಅವಳ ಕಿವಿ ಹಿಂಡುತ್ತಿದ್ದದ್ದರ ನೆನಪಿಗೆ ಆ ಗುರುತು. ಚಲುವಯ್ಯ ನೋಡ್ತೀನಿ ಮಗಳೇ ಅಂದುಬಿಟ್ಟ. ಬಸ್ಸು ಹೋದ ಮೇಲೆ ಅವನಿಗೆ ತಾನು ಏನು ಅಂದೆ ಅಂತ ಹೊಳೆಯಿತು.

ಯಾಕೆಂದರೆ ಊರಿನಲ್ಲಿ ಖೋ ಖೋ ತೋರಿಸುವ ಕಾಗೆ ಒಂದೂ ಇರಲಿಲ್ಲ. ಅವನು ಮೊದಲು ನಮ್ಮ ಮನೆಗೇ ಬಂದ. ನಾನು ಮಾಳಿಗೆಯ ಮೇಲೆ ನಿಂತು ತಾತನನ್ನು ಬೇಡಿಕೊಂಡೆ, ಒಂದೇ ಒಂದು ಭಾನುವಾರ ತಾತ, ಊರಿನ ಹುಡುಗಿ ಅಂತ. ಕಾಗೆ ಕತ್ತು ಓರೆ ಮಾಡಿ ನೋಡಿತು, ಕೆಳಗೆ ಟಿ.ವಿ.ಯಲ್ಲಿ ಕುರಿಗಳಿಗೆ ಜಂತಿನ ಔಷಧಿ ಕುಡಿಸುವುದನ್ನು ತೋರಿಸುತ್ತಿದ್ದರು. ಪುಟ್ಟಸಿದ್ದಮ್ಮನ ಮನೆಯಲ್ಲೂ ಆಗಲಿಲ್ಲ. ಕುಸ್ತಿಯ ಕಾಗೆಯ ಮೇಲೆ ಸ್ವಲ್ಪ ಆಸೆಯಿತ್ತು, ಎಷ್ಟಾದರೂ ಆಟವೇ ಅಲ್ಲವೇ ಅಂತ. ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಓಡುವುದು ಆ ಅಜ್ಜನಿಗೆ ಬದುಕಿದ್ದಾಗಲೇ ಹಿಡಿಸುತ್ತಿರಲಿಲ್ಲ ಅಂತ ಮನೆಯವರು ಸಂಕೋಚಪಟ್ಟು ಹೇಳಿದರು. ಖೋ ಖೋ ತೋರಿಸಿದರೆ ಹೊಂಬಾಳಮ್ಮನ ಕಾಗೆಯೇ ತೋರಿಸಬೇಕು, ಅದು ಬರುವುದಿಲ್ಲ.

ಆ ವಾರವೆಲ್ಲ ಚಲುವಯ್ಯನ ಮನೆಯಲ್ಲಿ ಹಬ್ಬದ ಅಡುಗೆ. ಹೆಂಡತಿ ಯಶೋದಮ್ಮ ಒಂದು ದಿನ ಒಬ್ಬಟ್ಟು, ಒಂದು ದಿನ ಮುದ್ದೆ ಬಸ್ಸಾರು, ಒಂದು ದಿನ ಹುರುಳಿ ಸಾರು ಮಾಡಿ ಮೇಲಕ್ಕೆ ಕಳಿಸಿದಳು. ಚಲುವಯ್ಯ ಎಲೆ, ಅಡಿಕೆ, ಹೊಗೆಸೊಪ್ಪು ಇಟ್ಟ. ಊರವರನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ತನ್ನನ್ನೇ ಕೇಳಿಕೊಂಡ. ಅಕ್ಕನಿಗೆ ಏನಾದರೂ ಕಡಿಮೆ ಮಾಡಿದೆನೇ? ಇಲ್ಲ. ಅವ್ವ ಕೇಳಿದ್ದು ಏನಾದರೂ ತಂದುಕೊಡಲಿಲ್ಲವೇ? ತಂದುಕೊಟ್ಟಿದ್ದೆ. ಯಶೋದಮ್ಮ ತಾನೇ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ, ಅತ್ತೆಯ ಪೆಟ್ಟಿಗೆಯ ಬೀಗ ತೆಗೆದು ಕಂದು ಬಣ್ಣದ ಸೀರೆ ಉಟ್ಟಿದ್ದು ತಾನೇ, ಇಲಿ ಕಡಿದು ಹರಿಯಿತು ಅಂದದ್ದು ಸುಳ್ಳು ಅಂತ ಆಕಾಶಕ್ಕೆ ಕೇಳುವ ಹಾಗೆ ಒಪ್ಪಿಕೊಂಡಳು. ಬೀದಿಯವರೆಲ್ಲ ಕೇಳಿಸಿಕೊಂಡರು. ಕಾಗೆ ಬರಲಿಲ್ಲ.

ಅಂಗಳದಲ್ಲಿ ಒಂದು ಕಾಗೆ ಇತ್ತು ನಿಜ. ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಪ್ಪಳಿಸಿಕೊಂಡು, ಕೋಳಿಗಳ ಜೊತೆ ಜಗಳ ಆಡಿಕೊಂಡು, ಯಶೋದಮ್ಮ ಚೆಲ್ಲಿದ ಅನ್ನ ತಿಂದುಕೊಂಡು ನೆಲದ ಮೇಲೆಯೇ ಇರುವ ಕಾಗೆ. ಅವಳು ಅದನ್ನು ಸೋಮಾರಿ ಅಂತಲೇ ಕರೆಯುತ್ತಿದ್ದಳು. ಮನೆತನದ ಕಾಗೆಯಾದರೆ ಮೇಲೆ ಕೂರುತ್ತದೆ, ಇದು ಯಾವುದೋ ದಿಕ್ಕಿಲ್ಲದ್ದು ಅಂತ ಚಲುವಯ್ಯನ ತೀರ್ಮಾನ. ಅವ್ವನ ಕಾಗೆ ಬರುವ ಹೊತ್ತಿಗೆ ಇದು ಅಡ್ಡ ಇರಬಾರದು ಅಂತ ಆ ವಾರ ಅದನ್ನು ಟವೆಲ್ ಬೀಸಿ ಬೀಸಿ ಓಡಿಸಿದ. ಅದು ಬೇಲಿಯ ತನಕ ಹೋಗಿ ಮತ್ತೆ ಬರುತ್ತಿತ್ತು.

ಭಾನುವಾರ ಬಂತು. ಊಟ ಮುಗಿಸಿದ ಜನ ಒಬ್ಬೊಬ್ಬರಾಗಿ ಅವನ ಅಂಗಳಕ್ಕೆ ಬಂದು ಸೇರಿದರು. ಟಿ.ವಿ.ಯನ್ನು ಜಗಲಿಗೆ ತಂದಿಟ್ಟಿದ್ದರು, ಅದರ ತುಂಬ ಬಿಳಿ ಚುಕ್ಕೆ. ಆಟ ಶುರುವಾಗುವ ಹೊತ್ತಾಯಿತು ಅಂತ ಮೇಷ್ಟ್ರು ಗಡಿಯಾರ ನೋಡಿ ನೋಡಿ ಹೇಳುತ್ತಿದ್ದರು. ಚಲುವಯ್ಯ ಏಣಿ ಹತ್ತಿ ಮಾಳಿಗೆಯ ಮೇಲೆ ಕೈಮುಗಿದು ನಿಂತ. ಸಿಕ್ಕಿದ ಮಾತನ್ನೆಲ್ಲ ಕೊಟ್ಟ. ನಿನ್ನ ಹೆಸರಲ್ಲಿ ಅರವಟ್ಟಿಗೆ ಇಡ್ತೀನಿ ಅಂದ, ಬೀಡಿ ಬಿಡ್ತೀನಿ ಅಂದ, ಕೊನೆಗೆ, ನಿಂಗೆ ಇಷ್ಟ ಇಲ್ಲ ಅಂದ್ರೆ ಈ ಆಂಟೆನಾ ವ್ಯಾಪಾರನೇ ಬಿಟ್ಟುಬಿಡ್ತೀನಿ ಕಣವ್ವ ಅಂದ. ಅದು ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆಕಾಶದಲ್ಲಿ ಒಂದು ರೆಕ್ಕೆಯೂ ಕಾಣಲಿಲ್ಲ.

ಅವನು ಸೋತುಹೋಗಿ ಇಳಿಯತೊಡಗಿದ. ಗಡಿಬಿಡಿಯಲ್ಲಿ ಆ ದಿನ ಬುಡಕ್ಕೆ ಕಲ್ಲು ಕೊಡುವುದನ್ನು ಮರೆತಿದ್ದ, ಏಣಿ ಕಿರುಗುಟ್ಟಿ ಒಂದು ಗೇಣು ಜಾರಿತು. ಜನ ಓಡಿಹೋಗಿ ಹಿಡಿದರು. ಅಷ್ಟರಲ್ಲೇ ಆ ಸೋಮಾರಿ ಕಾಗೆ ಎಲ್ಲರ ಕಾಲಸಂದಿಯಲ್ಲಿ ನುಗ್ಗಿ ಬಂದು, ಏಣಿಯ ತೀರ ಕೆಳಗಿನ ಮೆಟ್ಟಿಲ ಮೇಲೆ ಕೂತು, ಬಾಯಿ ಹರಿಯುವಂತೆ ಕೂಗತೊಡಗಿತು. ಮೂಲೆಮನೆಯವರು ಟವೆಲ್ ಬೀಸಿದರು. ಅದು ಕದಲಲಿಲ್ಲ. ಚಲುವಯ್ಯನ ಕಾಲು ನೆಲಕ್ಕೆ ತಾಕಿದ ಮೇಲೆ ತಾನಾಗಿ ಇಳಿದು, ಏನೂ ಆಗದವರ ಹಾಗೆ ಒಗೆಯುವ ಕಲ್ಲಿನ ಕಡೆ ಹೋಯಿತು.

ಯಶೋದಮ್ಮ ಅದನ್ನೇ ನೋಡುತ್ತ ನಿಂತಿದ್ದಳು. ಬಟ್ಟೆ ಒಗೆಯುವಾಗ ಅವಳು ಇದನ್ನು ದಿನವೂ ನೋಡಿದ್ದಳು. ಗಂಡ ಹತ್ತಿದರೆ ಕಾಗೆ ಕೆಳಗಿನ ಮೆಟ್ಟಿಲಿಗೆ ಬರುವುದು, ಗಂಡ ಇಳಿದರೆ ಅದು ಹೋಗುವುದು. ನೋಡಿದ್ದಳೇ ಹೊರತು ಅದರ ಬಗ್ಗೆ ಯೋಚಿಸಿರಲಿಲ್ಲ.

“ರೀ,” ಅಂದಳು. “ನಿಮ್ಮವ್ವ ಬದುಕಿದ್ದಾಗ ಒಂದು ದಿನನಾದ್ರೂ ಮೇಲೆ ಹತ್ತಿದ್ರಾ?”

ಚಲುವಯ್ಯ ಹೆಂಡತಿಯ ಮುಖ ನೋಡಿದ. ಹತ್ತಿರಲಿಲ್ಲ. ಹೊಂಬಾಳಮ್ಮನಿಗೆ ಎತ್ತರ ಅಂದರೆ ಆಗುತ್ತಿರಲಿಲ್ಲ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ತೆಗೆಯಲು ಮಣೆ ಹತ್ತಿದರೂ ತಲೆ ಸುತ್ತಿ ಕೂತುಬಿಡುತ್ತಿದ್ದಳು, ಅದಕ್ಕೆ ಜಾಡಿಯನ್ನೇ ಕೆಳಗಿಟ್ಟುಕೊಂಡಿದ್ದರು. ಊರಿನ ಎಲ್ಲ ಮನೆಗಳ ಬುಡದಲ್ಲಿ ನಿಂತಿದ್ದಳು, ಒಂದು ಮಾಳಿಗೆಯನ್ನೂ ಕಂಡವಳಲ್ಲ. ಅಂಥವಳು ಸತ್ತ ಮಾತ್ರಕ್ಕೆ ಊರಿಗೇ ಎತ್ತರದ ಕಂಬದ ಮೇಲೆ ಹೋಗಿ ಕೂರುತ್ತಾಳೆ ಅಂತ ಇವನು ಎರಡು ವರ್ಷದಿಂದ ಕಾದಿದ್ದಾನೆ. ಊರಲ್ಲಿ ಯಾರ ಮನೆಯ ಕಾಗೆ ಎಲ್ಲಿ ಕೂರಬೇಕು ಅಂತ ಬಲ್ಲವನು, ತನ್ನ ಅವ್ವನನ್ನು ವಾರದಿಂದ ಟವೆಲ್ ಬೀಸಿ ಓಡಿಸಿದ್ದಾನೆ. ಅವನಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು ಅಂತ ಕಾಣುತ್ತದೆ, ಮೂಗು ಒರೆಸಿಕೊಂಡ.

ಆಮೇಲೆ ಅವನನ್ನು ಹಿಡಿಯುವವರು ಯಾರು. ಮತ್ತೆ ಮೇಲೆ ಹತ್ತಿ, ಬಿಗಿದ ತಂತಿಗಳನ್ನು ಕತ್ತರಿಸಿ, ನಟ್ಟು ಬಿಚ್ಚಿ, ಅಷ್ಟು ಆಸೆಯಿಂದ ನಿಲ್ಲಿಸಿದ್ದ ಆಂಟೆನಾವನ್ನು ನಮ್ಮ ಕೈಗೆ ಇಳಿಸಿದ. ಕೆಳಗೆ ಬಂದು ಅದನ್ನು ಏಣಿಯ ಆ ಕೆಳಗಿನ ಮೆಟ್ಟಿಲಿಗೆ, ನೆಲದಿಂದ ಮೊಣಕಾಲೆತ್ತರದಲ್ಲಿ, ಹಗ್ಗ ಸುತ್ತಿ ಕಟ್ಟಿದ. ಅಷ್ಟು ತಗ್ಗಿನಲ್ಲಿ ಆಂಟೆನಾ ಕಟ್ಟಿದ್ದನ್ನು ಯಾರೂ ಎಲ್ಲೂ ನೋಡಿರಲಿಲ್ಲ, ಹುಚ್ಚು ಹಿಡಿಯಿತೇನೋ ಅಂತ ಒಬ್ಬಿಬ್ಬರು ಪಿಸುಗುಟ್ಟಿದರು. ಕಾಗೆ ಒಗೆಯುವ ಕಲ್ಲಿನಿಂದ ಇದನ್ನೆಲ್ಲ ನೋಡುತ್ತಿತ್ತು. ಒಂದು ಕುಪ್ಪಳಿಕೆ, ಇನ್ನೊಂದು ಕುಪ್ಪಳಿಕೆ. ಕಡ್ಡಿಯ ಮೇಲೆ ಹತ್ತಿ, ರೆಕ್ಕೆ ಒದರಿ, ಮನೆಯ ಯಜಮಾನಿಯ ಠೀವಿಯಲ್ಲಿ ಕೂತುಬಿಟ್ಟಿತು.

“ಬಂತು,” ಅಂದರು ಮೇಷ್ಟ್ರು.

ನಮ್ಮೂರಿನಲ್ಲಿ ಅಷ್ಟು ಸ್ವಚ್ಛವಾದ ಚಿತ್ರ ಯಾರ ಮನೆಯಲ್ಲೂ ಬಂದಿರಲಿಲ್ಲ. ಹುಡುಗಿಯರ ಮೊಣಕಾಲಿನ ಮಣ್ಣು ಕೂಡ ಕಾಣುತ್ತಿತ್ತು. ಕಂಬ ಬಳಸಿ, ಬಗ್ಗಿ, ಚಾಚಿದ ಕೈಗೆ ಸಿಗದೆ ಜಾರುತ್ತಿದ್ದಾಳೆ ನಮ್ಮ ಭವ್ಯ. ಯಶೋದಮ್ಮ ಕೂತಲ್ಲೇ ಎಡಕ್ಕೂ ಬಲಕ್ಕೂ ವಾಲುತ್ತಿದ್ದಳು. ಭವ್ಯ ಒಬ್ಬೊಬ್ಬರಿಂದ ತಪ್ಪಿಸಿಕೊಂಡಾಗಲೂ ಏಣಿಯ ಬುಡದಿಂದ ಒಂದು ಕೂಗು ಬರುತ್ತಿತ್ತು, ಅದೇ ಮೈದಾನದ ಕಟ್ಟೆಯ ಕೂಗು, ಮೇಷ್ಟ್ರಿಗಿಂತ ಜೋರು. ಕೊನೆಗೆ ನಮ್ಮವರು ಒಂದು ಅಂಕದಲ್ಲಿ ಸೋತರು. ಸೋತದ್ದು ಯಾರಿಗೂ ಬೇಜಾರಾಗಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಹುಡುಗಿ ಬೆವರು ಸುರಿಯುವ ಮುಖ ಎತ್ತಿ, ಕ್ಯಾಮೆರಾ ಕಡೆ ತಿರುಗಿ, ಎರಡು ಬೆರಳಲ್ಲಿ ಕಿವಿ ಹಿಡಿದು ನಕ್ಕಳು. ಚಲುವಯ್ಯ ಟಿ.ವಿ.ಯ ಎದುರು ತನ್ನ ಕಿವಿಯನ್ನೂ ಹಿಡಿದುಕೊಂಡು ಕೂತಿದ್ದ. ಅಳುತ್ತಿದ್ದ, ಮುಚ್ಚಿಟ್ಟುಕೊಳ್ಳಲೂ ಇಲ್ಲ.

ಆ ಭಾನುವಾರದ ನಂತರ ನಮ್ಮೂರಿನ ನೋಟವೇ ಬೇರೆಯಾಗಿದೆ. ತಾನು ಆಂಟೆನಾ ನಿಲ್ಲಿಸಿದ ಮನೆಗಳಿಗೆಲ್ಲ ಚಲುವಯ್ಯ ಮತ್ತೊಮ್ಮೆ ಹೋಗಿ ಬಂದ. ಈಗ ಅವನು ಏನು ಬೇಕು ಅಂದಿದ್ದರು ಅಂತ ಕೇಳುವುದಿಲ್ಲ, ಎಲ್ಲಿ ಕೂರುತ್ತಿದ್ದರು ಅಂತ ಕೇಳುತ್ತಾನೆ. ಹಾಗಾಗಿ ಒಂದು ಆಂಟೆನಾ ಒರಳುಕಲ್ಲಿನ ಪಕ್ಕ ಇದೆ, ಒಂದು ಎಮ್ಮೆ ಕೊಟ್ಟಿಗೆಯಲ್ಲಿದೆ, ಇಸ್ಪೀಟು ಆಡುವವರ ಕಟ್ಟೆಯ ಮೇಲೆ ಒಂದಿದೆ. ನಮ್ಮ ತಾತನದನ್ನು ಜಗಲಿಗೆ ಇಳಿಸಿದೆವು, ಎಲೆಯಡಿಕೆ ತಟ್ಟೆಯ ಹತ್ತಿರ. ಕೃಷಿ ಕಾರ್ಯಕ್ರಮ ಮಾತ್ರ ತಪ್ಪಲಿಲ್ಲ, ಆ ವಿಷಯದಲ್ಲಿ ಚಲುವಯ್ಯನೂ ಏನೂ ಮಾಡಲಾರ.

ಚಲುವಯ್ಯ ಮೊನ್ನೆ ನಮ್ಮ ಮಾಳಿಗೆಯ ಹಳೇ ಪೈಪು ಬಿಚ್ಚಿಕೊಡಲು ಬಂದಿದ್ದ. ಸೈಕಲ್ಲಿನ ಹಿಂದೆ ನೆಲದ ಮೇಲೆಯೇ ಕುಪ್ಪಳಿಸಿಕೊಂಡು ಕಾಗೆಯೂ ಬಂತು, ಹಾರುವ ಗೋಜಿಗೇ ಹೋಗುವುದಿಲ್ಲ ಅದು. ನಾನು ರೂಢಿಯಂತೆ ಏಣಿಯ ಬುಡಕ್ಕೆ ಕಲ್ಲು ತರಲು ಹೊರಟೆ. ಬೇಡ ಅಂದ. ಏಣಿ ಒರಗಿಸಿ, ಪಂಚೆ ಎತ್ತಿ ಕಟ್ಟಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತ.

“ಹಿಡ್ಕಂಡಿದ್ದೀಯೇನವ್ವ?” ಅಂತ ಕೇಳಿದ.

ಕಾಗೆ ಕೆಳಗಿನ ಮೆಟ್ಟಿಲಿಗೆ ಬಂದು ಕೂತು ಒಂದು ಸಲ ಕೂಗಿತು. ಆಮೇಲೆ ಹತ್ತಿದ.